ಗೌಜಲಹಕ್ಕಿ: ಎಷ್ಟು ಹೆಣ್ಣಿಗೆ ಎಷ್ಟು ಗಂಡು?

ಗೌಜಲಹಕ್ಕಿ ಸಾಕಲು ಹೊರಟವರು ಗೂಡು, ಮೇವು, ಮಾರುಕಟ್ಟೆ ಎಲ್ಲವನ್ನೂ ವಿಚಾರಿಸುತ್ತಾರೆ. ಗಂಡು ಎಷ್ಟಿರಬೇಕು ಎಂಬ ಪ್ರಶ್ನೆ ಏಳುವುದು ಹೆಣ್ಣುಗಳ ತಲೆ ಬೋಳಾದ ಮೇಲೆ. ನಾವು ಸಾಕುವುದು ಜಪಾನಿ ತಳಿ. 1974ರಲ್ಲಿ ಭಾರತಕ್ಕೆ ಬಂದದ್ದು. ಕಾಡಿನ ಗೌಜಲಹಕ್ಕಿಯನ್ನು ಹಿಡಿದು ಸಾಕುವುದು ಕಾನೂನಿಗೆ ವಿರುದ್ಧ.

ಮೊದಲು ಒಂದು ವಿಷಯ ತೀರ್ಮಾನಿಸಿಕೊಳ್ಳಿ: ಮೊಟ್ಟೆ ತಿನ್ನಲಿಕ್ಕೋ, ಮರಿ ಮಾಡಲಿಕ್ಕೋ? ತಿನ್ನಲು, ಮಾರಲು ಆದರೆ ಗಂಡು ಬೇಕಾಗಿಯೇ ಇಲ್ಲ. ಗಂಡಿಲ್ಲದಿದ್ದರೂ ಹೆಣ್ಣು ಮೊಟ್ಟೆಯಿಡುತ್ತದೆ, ಗೂಡಿನಲ್ಲಿ ಗಲಾಟೆಯೂ ಕಡಿಮೆ. ‘ಜೋಡಿ ಇರಲಿ ಪಾಪ’ ಎನ್ನುವ ಕರುಣೆ ಇಲ್ಲಿ ಹೆಣ್ಣಿಗೇ ಮುಳುವು. ಒಂಟಿ ಹೆಣ್ಣಿನ ಜೊತೆ ಒಂಟಿ ಗಂಡನ್ನು ಬಿಟ್ಟರೆ ಅದರ ಕಾಟವೆಲ್ಲ ಆ ಒಂದೇ ಹೆಣ್ಣಿನ ಮೇಲೆ ಬೀಳುತ್ತದೆ.

ಮರಿ ಮಾಡುವುದಾದರೆ ಒಂದು ಗಂಡಿಗೆ ಎರಡರಿಂದ ಮೂರು ಹೆಣ್ಣು. ಹಕ್ಕಿಗಳು ಎಳೆಯವು, ಚುರುಕಾಗಿವೆ ಎಂದಾದರೆ ನಾಲ್ಕಕ್ಕೂ ಹೋಗಬಹುದು. ಕೋಳಿಯಲ್ಲಿ ಒಂದು ಹುಂಜ ಎಂಟು ಹತ್ತು ಹೇಂಟೆಗಳಿಗೆ ಸಾಕಾಗುತ್ತದೆ. ಅದೇ ಲೆಕ್ಕವನ್ನು ಇಲ್ಲಿಗೆ ತಂದರೆ ಫಲವಿಲ್ಲದ ಮೊಟ್ಟೆಗಳೇ ಇನ್ಕ್ಯುಬೇಟರ್‌ನಲ್ಲಿ ತುಂಬುತ್ತವೆ.

ಗಂಡು ಹೆಣ್ಣು ಗುರುತಿಸಲು ಮೂರು ವಾರ ಕಾಯಬೇಕು. ಸಾಮಾನ್ಯ ಕಂದು ಬಣ್ಣದ ಹಕ್ಕಿಗಳಲ್ಲಿ ಗಂಡಿನ ಎದೆ ಇಟ್ಟಿಗೆಗೆಂಪು, ಚುಕ್ಕೆಯಿಲ್ಲ. ಹೆಣ್ಣಿನ ಎದೆ ಮಾಸಲು, ಮೇಲೆ ಕಪ್ಪು ಚುಕ್ಕೆ. ಬಿಳಿ ಹಕ್ಕಿಗಳಲ್ಲಿ ಬಣ್ಣ ನೆರವಾಗುವುದಿಲ್ಲ. ಅವು ಬಲಿಯುವ ಆರನೇ ವಾರದ ಸುಮಾರಿಗೆ ಬಾಲದ ಕೆಳಗೆ ಮೆಲ್ಲಗೆ ಒತ್ತಿ ನೋಡಿ: ಗಂಡಾದರೆ ಬಿಳಿ ನೊರೆ ಬರುತ್ತದೆ.

ನಿಜವಾದ ತೊಡಕು ಇನ್ನು ಮುಂದೆ. ಮರಿಗಳು ಹುಟ್ಟುವುದು ಹೆಚ್ಚು ಕಡಿಮೆ ಅರ್ಧಕ್ಕರ್ಧ. ಬೆಳೆದ 120ರಲ್ಲಿ 60 ಹೆಣ್ಣು ಎಂದಿಟ್ಟುಕೊಳ್ಳಿ. ಮೂರಕ್ಕೊಂದರಂತೆ 20 ಗಂಡು ಸಾಕು, ಕೈಯಲ್ಲಿರಲೆಂದು ಇನ್ನು ಮೂರು. ಉಳಿದ 37 ಗಂಡುಗಳು ತಲಾ 25 ಗ್ರಾಂ ತಿಂದರೂ ದಿನಕ್ಕೆ ಒಂದು ಕಿಲೋ ಹತ್ತಿರ ಮೇವು ಖಾಲಿ. ಐದನೇ ವಾರಕ್ಕೆ ಇವು ಮಾಂಸಕ್ಕೆ ಮಾರುವ ತೂಕಕ್ಕೆ ಬರುತ್ತವೆ, ಆಗಲೇ ಕಳುಹಿಸಿಬಿಡಿ. ಮನಸ್ಸು ಬಾರದವರು ಪ್ರತ್ಯೇಕ ಗೂಡಿನಲ್ಲಿಡಬಹುದು. ಆದರೆ ಗಂಡುಗಳು ಪರಸ್ಪರ ಕುಕ್ಕಿಕೊಳ್ಳುತ್ತವೆ, ರಾತ್ರಿಯೂ ಕೂಗುತ್ತವೆ. ಅಕ್ಕಪಕ್ಕದ ಮನೆಯವರನ್ನು ಕೇಳಿ ನೋಡಿ.

ಇಟ್ಟುಕೊಳ್ಳುವ ಗಂಡುಗಳನ್ನು ಬಲಿಯುವ ಮೊದಲೇ, ಹೆಣ್ಣುಗಳ ಜೊತೆಯಲ್ಲೇ ಹೊಸ ಗೂಡಿಗೆ ಬಿಡಿ. ಹಳೆಯ ಗುಂಪಿಗೆ ತಡವಾಗಿ ಹೊಸ ಗಂಡು ನುಗ್ಗಿಸಿದರೆ ಹೊಡೆದಾಟ ಖಚಿತ. ಸೇರಿಸಿ ಒಂದು ವಾರ ಕಳೆದ ಮೇಲಿನ ಮೊಟ್ಟೆಗಳನ್ನಷ್ಟೇ ಕಾವಿಗೆ ತೆಗೆದುಕೊಳ್ಳಿ.

ಬಳಿಕ ದಿನವೂ ಹೆಣ್ಣುಗಳ ತಲೆ, ಕತ್ತಿನ ಹಿಂಭಾಗ ನೋಡುತ್ತಿರಿ. ಗಂಡು ಕೂಡುವಾಗ ಹಿಡಿದುಕೊಳ್ಳುವುದು ಅಲ್ಲೇ. ಪುಕ್ಕ ತೆಳುವಾದರೆ ಗಂಡು ಹೆಚ್ಚಾಗಿದೆ ಎಂದರ್ಥ, ಒಂದನ್ನು ತೆಗೆಯಿರಿ. ರಕ್ತ ಕಂಡರೆ ಹೆಣ್ಣನ್ನೇ ಬೇರೆ ಮಾಡಿ ಗಾಯ ಮಾಯುವವರೆಗೆ ಕಾಯಿರಿ, ಇಲ್ಲದಿದ್ದರೆ ಮಿಕ್ಕವೂ ಅದನ್ನೇ ಕುಕ್ಕುತ್ತವೆ.

ಗಂಡು ಕಡಿಮೆಯಾದದ್ದು ಗೊತ್ತಾಗುವುದು ಮೊಟ್ಟೆಯಲ್ಲಿ. ಕಾವು 17–18 ದಿನ. ಚಿಪ್ಪಿನ ಚುಕ್ಕೆಗಳಿಂದಾಗಿ ಬೆಳಕಿಗೆ ಹಿಡಿದರೂ ಒಳಗಿರುವುದು ಸ್ಪಷ್ಟವಾಗುವುದಿಲ್ಲ, ಆದ್ದರಿಂದ ಒಡೆಯದೆ ಉಳಿದವನ್ನು ಕೊನೆಗೆ ಒಡೆದು ನೋಡುವುದೇ ಲೇಸು. ಬರೀ ಹಳದಿ ಇದ್ದರೆ ಗಂಡಿನ ಕಡೆ ಗಮನ ಕೊಡಿ. ಸತ್ತ ಮರಿ ಇದ್ದರೆ ದೋಷ ಇನ್ಕ್ಯುಬೇಟರಿನ ಶಾಖದಲ್ಲೋ ತೇವದಲ್ಲೋ ಇರಬಹುದು.

ಆರು ತಿಂಗಳು ದಾಟಿದ ಗಂಡುಗಳ ಕಸುವು ಇಳಿಯುತ್ತದೆ, ಬದಲಿಸಬೇಕು. ಬದಲಿ ಗಂಡು ನಿಮ್ಮದೇ ಮರಿಗಳಿಂದ ಬೇಡ. ಒಡಹುಟ್ಟಿದವು ಕೂಡಿದರೆ ಮರಿ ಒಡೆಯುವ ಪ್ರಮಾಣ ಈ ಹಕ್ಕಿಯಲ್ಲಿ ಬಹಳ ಬೇಗ ಕುಸಿಯುತ್ತದೆ. ಬೇರೆ ಸಾಕಣೆದಾರರಿಂದ ತಂದು, ಎರಡು ವಾರ ದೂರದ ಗೂಡಿನಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಹಳೆಯ ಗಂಡುಗಳನ್ನು ಒಟ್ಟಿಗೇ ತೆಗೆದು ಇವನ್ನು ಬಿಡಿ.