ಬೆಳಗಾವಿ ಚಳಿಯಲ್ಲಿ ಜೆರೇನಿಯಂ: ನಾನು ಹೊದಿಸಲಿಲ್ಲ, ಒಣಗಿಸಿದೆ

ಈ ಜನವರಿಯಲ್ಲಿ ನಮ್ಮ ಹಿಂದವಾಡಿ ಟೆರೇಸ್ ಮೇಲೆ ಮೂವತ್ತು-ನಲವತ್ತು ಕುಂಡ ಜೆರೇನಿಯಂ ಒಟ್ಟಿಗೆ ಹೂ ಬಿಟ್ಟಿತ್ತು. "ಅಲ್ರೀ, ಅದು ಊಟಿ ಗಿಡ. ನಿಮ್ಮ ಮನಿ ಮ್ಯಾಲೆ ಎಲ್ಲಿ ಬರ್ತದ?" ಅಂದಿದ್ದ ನರ್ಸರಿಯವರೇ ಬಂದು ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಕಡ್ಡಿಯನ್ನೂ ಕೇಳಿದರು. ಕೊಟ್ಟೆ, ಆದರೆ ಒಂದೇ ಬಣ್ಣದ್ದು.

ಇದಕ್ಕೆ ಮೊದಲು ಹೋದ ದುಡ್ಡಿನ ಲೆಕ್ಕ ಕೇಳಿದರೆ ಮನೆಯಲ್ಲಿ ಇವತ್ತಿಗೂ ಜಗಳ. ಗಿಡಕ್ಕೆ ನೂರು-ನೂರಿಪ್ಪತ್ತು ಕೊಟ್ಟು ತರುವುದು, ಬೇಸಿಗೆಯಲ್ಲಿ ಹೇಗೋ ಉಳಿಸಿಕೊಳ್ಳುವುದು, ಜುಲೈ ಮಳೆಗೆ ಕಳೆದುಕೊಳ್ಳುವುದು. ನಮ್ಮೂರ ಮಳೆ ಗೊತ್ತಲ್ಲ, ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಕಾಂಡದ ಬುಡ ಕಪ್ಪಾಗುತ್ತದೆ, ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ. ಅಷ್ಟು ಕಂಡರೆ ಆ ಗಿಡದ ಕಥೆ ಮುಗಿಯಿತು. ಔಷಧಿ ಹೊಡೆದೂ ನೋಡಿದೆ, ಗಿಡಕ್ಕಿಂತ ಔಷಧಿಯೇ ದುಬಾರಿಯಾಯಿತು. ಎಲ್ಲ ಸೇರಿ ನಾಲ್ಕೈದು ಸಾವಿರ ನೀರಿಗೆ ಹೋಗಿರಬೇಕು.

ಉಳಿದ ಗಿಡಗಳನ್ನು ಡಿಸೆಂಬರಿನಲ್ಲಿ ಕೊಂದದ್ದು ಪ್ಲಾಸ್ಟಿಕ್ಕು. ಚಳಿ ಬಂತು, ರಾತ್ರಿ ಹೊದಿಸಿ ಅಂತ ಎಲ್ಲರದೂ ಒಂದೇ ಸಲಹೆ. ಹೊದಿಸಿದರೆ ಬೆಳಿಗ್ಗೆ ಒಳಗೆಲ್ಲ ಹನಿ, ಹೂಗೊಂಚಲಿಗೆ ಬೂದು ಬಣ್ಣದ ಬೂಷ್ಟು. ಇಲ್ಲಿ ರಾತ್ರಿ 12-14 ಡಿಗ್ರಿ ಇರುತ್ತದೆ, ಎಲ್ಲೋ ಕೆಲವು ದಿನ ಹತ್ತರ ಹತ್ತಿರ ಇಳಿಯುತ್ತದೆ. ಜೆರೇನಿಯಂಗೆ ಬೇಕಾದದ್ದೂ ಅದೇ ಹವೆ. ನೀರು ಹೆಪ್ಪುಗಟ್ಟುವ ಊರಿನವರು ಹೊದಿಸಲಿ, ನಮಗ್ಯಾಕೆ?

ಹಾಗಾಗಿ ಈ ಸಲ ಹೊದಿಕೆ ಪೂರ್ತಿ ಬಿಟ್ಟೆ. ಪೂರ್ವದ ಗೋಡೆ ಪಕ್ಕ, ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ ಕುಂಡ ಸಾಲಾಗಿ ಇಟ್ಟೆ. ಖಾನಾಪುರದ ಮಣ್ಣಿನ ಕುಂಡವೇ ಆಗಬೇಕು, ಪ್ಲಾಸ್ಟಿಕ್ಕಿನದು ಬೇಡ. ಎರೆಮಣ್ಣನ್ನಂತೂ ಮುಟ್ಟಲೇಬೇಡಿ. ಕೆಂಪು ಮಣ್ಣು ಎರಡು ಪಾಲು, ಸುಟ್ಟ ಭತ್ತದ ಹೊಟ್ಟು ಹೆಚ್ಚುಕಡಿಮೆ ಅಷ್ಟೇ, ಹಳೇ ಸಗಣಿ ಗೊಬ್ಬರ ಒಂದು ಪಾಲು. ಹೊಟ್ಟು ಬೂದಿಯಾಗಬಾರದು. ಕಪ್ಪಗಾದ ಕೂಡಲೇ ನೀರು ಚಿಮುಕಿಸಿ ಆರಿಸಬೇಕು. ಖಾನಾಪುರ ಕಡೆಯ ಅಕ್ಕಿ ಗಿರಣಿಯಲ್ಲಿ ಚೀಲ ಹೊಟ್ಟು ಇಪ್ಪತ್ತು-ಮೂವತ್ತಕ್ಕೆ ಕೊಟ್ಟರು. ಕೋಕೋಪೀಟಿನ (ತೆಂಗಿನ ನಾರಿನ ಪುಡಿ) ಖರ್ಚು ಅಲ್ಲಿಗೇ ನಿಂತಿತು.

ಕಡ್ಡಿ ನೆಡುವುದು ಮಳೆ ಹಿಂದೆ ಸರಿದ ಮೇಲೆ, ದಸರಾ ಆಸುಪಾಸು. ಕತ್ತರಿಸಿದ ತುದಿ ಒಂದು ದಿನ ನೆರಳಲ್ಲಿ ಒಣಗಲಿ. ಮೇಲೆ ಕವರ್ ಕಟ್ಟಬೇಡಿ, ದಾಸವಾಳಕ್ಕೆ ನಡೆಯುವುದು ಇದಕ್ಕೆ ನಡೆಯುವುದಿಲ್ಲ. ಮೂರು ವಾರಕ್ಕೆ ಬೇರು ಬಂತು, ಹತ್ತರಲ್ಲಿ ಎಂಟು ಉಳಿದವು.

ಚಳಿಯಲ್ಲಿ ನೀರಿನ ವಿಷಯಕ್ಕೆ ನಾನು ಬಲು ಜಿಪುಣ. ಬೆರಳು ಎರಡು ಗೆಣ್ಣು ಇಳಿಸಿದರೂ ಒಣಗಿರಬೇಕು, ಆಗ ಮಾತ್ರ ನೀರು. ಅದೂ ಬಿಸಿಲೇರಿದ ಮೇಲೆ, ಬುಡಕ್ಕೆ ಮಾತ್ರ. ಜನವರಿಯಲ್ಲಿ ಎಲೆಯ ಅಂಚು ಕೆಂಪಾಯಿತು. ಪಕ್ಕದ ಮನೆ ಕಾಕು (ಚಿಕ್ಕಮ್ಮ) ಇದು ರೋಗ ಅಂದರು. ರೋಗವಲ್ಲ, ಚಳಿಗೆ ಬೇರು ರಂಜಕ (ಫಾಸ್ಫರಸ್) ಸರಿಯಾಗಿ ಎಳೆಯುವುದಿಲ್ಲ. ಬಿಸಿಲು ಬಲಿತ ಮೇಲೆ ಹೊಸ ಎಲೆ ಹಸಿರಾಗೇ ಬಂದವು.

ನಡುವೆ ಒಂದು ಹುಚ್ಚೂ ಮಾಡಿದೆ. ಹಿಮ ಬೀಳುವ ದೇಶಗಳಲ್ಲಿ ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ನೆಲಮಾಳಿಗೆಯಲ್ಲಿ ತಲೆಕೆಳಗಾಗಿ ನೇತುಹಾಕಿ ಚಳಿಗಾಲ ಕಳೆಯುತ್ತಾರೆ. ನಮಗೆ ಕಷ್ಟದ ಕಾಲ ಮಳೆಗಾಲ ತಾನೇ ಅಂತ ಜೂನಿನಲ್ಲಿ ಐದಾರು ಗಿಡ ಅಟ್ಟದಲ್ಲಿ ನೇತುಹಾಕಿದೆ. ಆಗಸ್ಟಿಗೆ ಎಲ್ಲಕ್ಕೂ ಬಿಳಿ ಬೂಷ್ಟು. ಅಲ್ಲಿ ಒಣ ಚಳಿ ಇರುತ್ತದೆ, ಇಲ್ಲಿ ಅಟ್ಟದಲ್ಲೂ ಹಪ್ಪಳ ಮೆತ್ತಗಾಗುತ್ತದೆ. ಇನ್ನೊಂದು ಪ್ರಯೋಗ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿ ಉಳಿದ ಚರಟ) ಹಾಕಿದ ಕುಂಡಗಳಲ್ಲಿ ಎಲೆ ಅಂಗೈಯಗಲ ಬಂತು, ಹೂ ಮಾತ್ರ ನಾಲ್ಕೇ ನಾಲ್ಕು.

ಗೊಬ್ಬರಕ್ಕೆ 13-0-45 (ಪೊಟ್ಯಾಸಿಯಂ ನೈಟ್ರೇಟ್), ಲೀಟರ್ ನೀರಿಗೆ ಒಂದೆರಡು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಕವಲು ಹೆಚ್ಚು ಒಡೆಯಲಿ ಅಂತ ತುದಿ ಚಿವುಟುವುದು ನಿಮಗೆ ಗೊತ್ತೇ ಇದೆ. ಕೊನೇ ಸಲ ಯಾವಾಗ ಚಿವುಟಬೇಕು, ಅದರ ಮಾರನೇ ವಾರ ನಾನು ಏನು ಹಾಕುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎಲ್ಲ ಹೂ ಒಟ್ಟಿಗೆ ಬಂದದ್ದು ಅದರಿಂದಲೇ.

ಒಂದು ಎಚ್ಚರ. ಮೊಗ್ಗಿನಲ್ಲಿ ಸೂಜಿ ಚುಚ್ಚಿದಷ್ಟು ತೂತು, ಕೆಳಗಿನ ಎಲೆ ಮೇಲೆ ಕರಿ ಹಿಕ್ಕೆ ಕಂಡರೆ ಹುಳು ಬಂದಿದೆ ಅಂತ ಲೆಕ್ಕ. ಬೈಲಹೊಂಗಲ ಕಡೆ ಕಡಲೆ ಬೆಳೆಯ ಕಾಯಿ ಕೊರೆಯುತ್ತದಲ್ಲ, ಅದೇ ಜಾತಿ. ರಾತ್ರಿ ಟಾರ್ಚ್ ಹಿಡಿದು ಕೈಯಿಂದಲೇ ಆರಿಸಿದೆ, ಔಷಧಿ ಬೇಕಾಗಲಿಲ್ಲ.

ಮಿಕ್ಕಿದ ಸಸಿ ಅರವತ್ತರಂತೆ ಮಾರಿ ಸಾವಿರದ ಮೇಲೆ ಬಂತು. ಹಳೇ ಸಾಲ ಅರ್ಧವೂ ತೀರಿಲ್ಲ. ತಾಯಿ ಗಿಡಗಳನ್ನು ಈಗ ಮೋಟು ಮಾಡಿ ತಗಡಿನ ಕೆಳಗೆ ಸರಿಸುತ್ತಿದ್ದೇನೆ, ಮಳೆ ಮುಗಿಯುವವರೆಗೆ ಅಲ್ಲೇ. ಕಡ್ಡಿ ಬೇಕಾದವರು ದಸರಾ ಆದ ಮೇಲೆ ಬನ್ನಿ. ದುಡ್ಡು ಬೇಡ, ಒಂದು ಖಾಲಿ ಮಣ್ಣಿನ ಕುಂಡ ತಂದರೆ ಸಾಕು. ಬಿಳಿಯಲ್ಲಿ ಕೆಂಪು ಗೀರಿನದು ಮಾತ್ರ ಕೇಳಬೇಡಿ.