ಕರುಣೆ ಕಮ್ಮಿಯಾದಾಗ ನಾನು ಮೊದಲು ನೋಡಿದ್ದು ನನ್ನ ನಿದ್ದೆಯನ್ನು

ಡಾಕ್ಟರ್ ಟ್ರೇನಿಂಗ್‌ನ ಮೊದಲ ವರ್ಷದ ನಡುವೆ ನನಗೆ ಒಂದು ಭಯ ಹಿಡಿಯಿತು. ಪೇಷಂಟ್ ನೋವು ಹೇಳಿಕೊಳ್ಳುತ್ತಿದ್ದರೆ ಕಿವಿಗೆ ಕೇಳುತ್ತಿತ್ತು, ಕೈ ಕೇಸ್ ಶೀಟಿನಲ್ಲಿ ಬರೆಯುತ್ತಿತ್ತು, ಆದರೆ ಮನಸ್ಸಿಗೆ ಏನೂ ತಟ್ಟುತ್ತಿರಲಿಲ್ಲ. ಹೆಸರು ಮರೆತು ಬೆಡ್ ನಂಬರ್ ಮಾತ್ರ ನೆನಪಿರುತ್ತಿತ್ತು. ಹೊಸ ಅಡ್ಮಿಷನ್ ಬಂತು ಅಂದರೆ ಸಿಟ್ಟು ಬರುತ್ತಿತ್ತು. ಕಾಯಿಲೆ ಬಿದ್ದವರ ಮೇಲೆ ಸಿಟ್ಟು! ಜನರಿಗೆ ಒಳ್ಳೆಯದು ಮಾಡಬೇಕು ಅಂತ ಬಂದವಳು ಇಷ್ಟು ಬೇಗ ಕಲ್ಲಾಗಿಬಿಟ್ಟೆನಾ ಅನ್ನಿಸಿತು.

ಇದಕ್ಕೊಂದು ಹೆಸರಿದೆ ಅಂತ ಆಮೇಲೆ ತಿಳಿಯಿತು. ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಲ್ಲಿ ಒಳಗೇ ಬರಿದಾಗಿ ಹೋಗುವುದು. ಅದನ್ನು ಅಳೆಯಲು ಕ್ರಿಸ್ಟಿನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಭಾಗ. ಮನಸ್ಸು ಪೂರ್ತಿ ಬಳಲಿ ಹೋಗುವುದು ಒಂದು. ಎದುರಿಗಿರುವ ಮನುಷ್ಯರು ಬರೀ ಮುಗಿಸಬೇಕಾದ ಕೆಲಸದಂತೆ ಕಾಣತೊಡಗುವುದು ಎರಡನೆಯದು. ನಾನು ಮಾಡಿದ್ದರಲ್ಲಿ ಏನೂ ಹುರುಳಿಲ್ಲ ಅನ್ನಿಸುವುದು ಮೂರನೆಯದು. ಎರಡನೆಯದನ್ನು ಓದಿದಾಗ ನನಗೆ ನಿಜವಾಗಿಯೂ ಉಸಿರು ಬಂದಂತಾಯಿತು. ನನಗಾಗುತ್ತಿರುವುದು ಗೊತ್ತಿರುವ ವಿಷಯ, ಅದಕ್ಕೆ ಕಾರಣಗಳಿವೆ, ಕಾರಣ ಇದೆ ಅಂದರೆ ಏನಾದರೂ ಮಾಡಬಹುದು. ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡೆ: ಕರುಣೆ ಕಮ್ಮಿ ಆಯಿತು ಅನ್ನಿಸಿದರೆ ನನ್ನ ಗುಣವನ್ನು ಬೈದುಕೊಳ್ಳುವುದಿಲ್ಲ, ಮೊದಲು ಎಷ್ಟು ಹೊತ್ತಿನಿಂದ ಎಚ್ಚರ ಇದ್ದೇನೆ, ಯಾವಾಗ ಊಟ ಮಾಡಿದೆ, ಎಷ್ಟು ಅವಸರದಲ್ಲಿದ್ದೇನೆ ಅಂತ ನೋಡುತ್ತೇನೆ.

ನಿದ್ದೆಯಿಂದ ಶುರು ಮಾಡಿದೆ, ಯಾಕೆಂದರೆ ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05% ಆಲ್ಕೋಹಾಲ್ ಇರುವವರಷ್ಟೇ ಕೆಡುತ್ತದೆ ಅಂತ 1997ರ ಒಂದು ಅಧ್ಯಯನ ತೋರಿಸಿತ್ತು. 2004ರಲ್ಲಿ ಬಾಸ್ಟನ್‌ನಲ್ಲಿ ಐಸಿಯು ಇಂಟರ್ನ್‌ಗಳನ್ನು ಎರಡು ಬಗೆಯ ರೋಸ್ಟರ್‌ನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಇಟ್ಟು ನೋಡಿದರು. 24 ಗಂಟೆ ದಾಟುವ ಹಳೇ ರೋಸ್ಟರ್‌ನಲ್ಲಿ ಗಂಭೀರ ತಪ್ಪುಗಳು ಸುಮಾರು 36% ಜಾಸ್ತಿ ಆದವು. ಅಂದರೆ ನಿದ್ದೆಗೆಟ್ಟು ದುಡಿಯುವುದು ತ್ಯಾಗ ಅಂತ ನಮಗೆ ಹೇಳಿಕೊಡುತ್ತಾರಲ್ಲ, ಆ ತ್ಯಾಗದ ಬೆಲೆಯನ್ನು ಕೊಡುವುದು ಪೇಷಂಟ್. ಇದು ಮನಸ್ಸಿಗೆ ಇಳಿದ ಮೇಲೆ ಮಲಗುವುದಕ್ಕೆ ನಾಚಿಕೆ ಪಡುವುದನ್ನು ಬಿಟ್ಟೆ.

ನೈಟ್ ಡ್ಯೂಟಿಗೆ ಮುಂಚೆ ಮಧ್ಯಾಹ್ನ ಒಂದೂವರೆ ಗಂಟೆ ಮಲಗುತ್ತಿದ್ದೆ. ನಿದ್ದೆ ಬರದಿದ್ದರೂ ಕತ್ತಲೆ ಕೋಣೆಯಲ್ಲಿ ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತಿದ್ದೆ. ರಾತ್ರಿ ಕೆಲಸ ಸ್ವಲ್ಪ ಇಳಿದಾಗ, ಜೊತೆಯವರಿಗೆ ಹೇಳಿ, ಫೋನ್ ಅವರ ಕೈಗೆ ಕೊಟ್ಟು, 20 ನಿಮಿಷದ ಅಲಾರಂ ಇಟ್ಟು ಒರಗುತ್ತಿದ್ದೆ. ಆಮೇಲೆ ಅವರು ಮಲಗಿದಾಗ ಅವರ ಫೋನ್ ನನ್ನ ಹತ್ತಿರ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಗಾಢ ನಿದ್ದೆಯಿಂದ ಎಬ್ಬಿಸಿದರೆ ತಲೆ ತಿಳಿಯಾಗಲು ಕಾಲು ಗಂಟೆಯಿಂದ ಅರ್ಧ ಗಂಟೆ ಬೇಕಾಗಬಹುದು. ಅಷ್ಟರಲ್ಲಿ ಔಷಧದ ಡೋಸ್ ಬರೆಯಬೇಕಾಗಿ ಬಂದರೆ ಎದ್ದು ನಿಂತು, ಮುಖ ತೊಳೆದು, ಬರೆದದ್ದನ್ನು ನರ್ಸ್‌ಗೆ ಜೋರಾಗಿ ಓದಿ ಹೇಳುತ್ತಿದ್ದೆ. ಅವರೂ ಒಮ್ಮೆ ತಿರುಗಿ ಓದಿ ಹೇಳುತ್ತಿದ್ದರು. ಇನ್ನು ರಾತ್ರಿ ಮುಗಿದ ಮೇಲೆ ಗಾಡಿ ಓಡಿಸಿಕೊಂಡು ಮನೆಗೆ ಹೋಗುವುದನ್ನು ಪೂರ್ತಿ ನಿಲ್ಲಿಸಿದೆ. ದೀರ್ಘ ಡ್ಯೂಟಿ ಮುಗಿಸಿ ಹೊರಟ ಇಂಟರ್ನ್‌ಗಳಿಗೆ ರಸ್ತೆ ಅಪಘಾತದ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಅಂತ 2005ರಲ್ಲೇ ಕಂಡುಕೊಂಡಿದ್ದಾರೆ. ಯಾರಾದರೂ ಬಂದು ಕರೆದುಕೊಂಡು ಹೋಗಲಿ, ಇಲ್ಲವೇ ಆಸ್ಪತ್ರೆಯಲ್ಲೇ ಒಂದು ನಿದ್ದೆ ಮಾಡಿ ಹೊರಡಿ. ಇದರಲ್ಲಿ ದಯವಿಟ್ಟು ಹಟ ಮಾಡಬೇಡಿ.

ಊಟ, ನೀರು, ಬಾತ್‌ರೂಮ್. ಇದನ್ನೂ ಬರೆಯಬೇಕಾ ಅನ್ನಬಹುದು. ಬರೆಯಲೇಬೇಕು, ಎಷ್ಟೋ ಜನ ಹೊಸ ಡಾಕ್ಟರುಗಳು ಅರ್ಧ ದಿನ ಮೂತ್ರಕ್ಕೆ ಹೋಗಿರುವುದಿಲ್ಲ.

ಈಗ ಕರುಣೆಯ ವಿಷಯಕ್ಕೆ ಬರುತ್ತೇನೆ. 1973ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದವರ ಮೇಲೆ ಒಂದು ಪ್ರಯೋಗ ನಡೆಯಿತು. ಅವರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಬೇಕು, ದಾರಿಯಲ್ಲಿ ಒಬ್ಬ ನರಳುತ್ತಾ ಕುಸಿದು ಕೂತಿದ್ದಾನೆ. ಅವಸರ ಇಲ್ಲದವರಲ್ಲಿ 63% ಜನ ನಿಂತು ಸಹಾಯ ಮಾಡಿದರು. ತಡವಾಯಿತು ಓಡಿ ಅಂತ ಹೇಳಿ ಕಳಿಸಿದವರಲ್ಲಿ ನಿಂತವರು 10% ಮಾತ್ರ. ಆ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಹೋಗುತ್ತಿದ್ದದ್ದು, ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆಯ ಬಗ್ಗೆಯೇ ಮಾತಾಡಲು! ಇದನ್ನು ಓದಿದಾಗ ನನ್ನ ರೌಂಡ್ಸ್ ಕಣ್ಣ ಮುಂದೆ ಬಂತು. ನನಗೆ ಕರುಣೆಯ ಬಗ್ಗೆ ಇನ್ನೊಂದು ಲೆಕ್ಚರ್ ಬೇಕಿರಲಿಲ್ಲ, ಅವಸರದ ನಡುವೆ ಒಂದು ಸಣ್ಣ ನಿಲುಗಡೆ ಬೇಕಿತ್ತು.

ಆ ನಿಲುಗಡೆ ಎಲ್ಲಿ ಸಿಕ್ಕಿತು ಗೊತ್ತಾ? ಸ್ಯಾನಿಟೈಸರ್ ಬಾಟಲಿಯ ಹತ್ತಿರ. ಪ್ರತಿ ಪೇಷಂಟ್ ಮುಟ್ಟುವ ಮುಂಚೆ 20ರಿಂದ 30 ಸೆಕೆಂಡ್ ಕೈ ಉಜ್ಜಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೇಗಿದ್ದರೂ ಮಾಡಲೇಬೇಕಾದ ಕೆಲಸ, ಬೇರೆ ಟೈಮ್ ಹುಡುಕಬೇಕಿಲ್ಲ. ಆ ಅರ್ಧ ನಿಮಿಷದಲ್ಲಿ ಹಿಂದಿನ ಪೇಷಂಟ್ ಬಗ್ಗೆ ಯೋಚಿಸುವುದನ್ನು ನಿಲ್ಲಿಸಿ, ಮುಂದಿನವರ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಂಡು, ಅವರ ಕಾಯಿಲೆ ಬಿಟ್ಟು ಬೇರೆ ಏನಾದರೂ ಒಂದನ್ನು ನೋಡುತ್ತಿದ್ದೆ, ಪಕ್ಕದಲ್ಲಿಟ್ಟ ಕನ್ನಡಕ, ಅರ್ಧ ಓದಿದ ಪುಸ್ತಕ, ಮಂಚದ ತುದಿಯಲ್ಲಿ ನಿದ್ದೆ ಹೋಗಿರುವ ಮಗಳು. ಬೆಡ್ ನಂಬರ್ ಮತ್ತೆ ಮನುಷ್ಯರಾಗಲು ಅಷ್ಟು ಸಾಕಾಗುತ್ತಿತ್ತು.

ಆಮೇಲೆ ಕೂರುವುದು. ಕುರ್ಚಿ ಇದ್ದರೆ ಕುರ್ಚಿಯಲ್ಲಿ, ಇಲ್ಲದಿದ್ದರೆ ಅವರನ್ನು ಕೇಳಿ ಮಂಚದ ಅಂಚಿನಲ್ಲಿ. ಡಾಕ್ಟರ್ ಕೂತು ಮಾತಾಡಿದರೆ ಅಷ್ಟೇ ಹೊತ್ತು ಇದ್ದರೂ ಜಾಸ್ತಿ ಹೊತ್ತು ಇದ್ದರು ಅಂತ ಪೇಷಂಟ್‌ಗೆ ಅನ್ನಿಸುತ್ತದೆ, ಅದನ್ನೂ ಅಳೆದು ನೋಡಿದ್ದಾರೆ. ಕೂತ ಮೇಲೆ ಮೊದಲ ಮಾತು ಅವರದ್ದು. 1984ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ರೆಕಾರ್ಡ್ ಮಾಡಿ ನೋಡಿದಾಗ ಡಾಕ್ಟರುಗಳು ಸರಾಸರಿ 18 ಸೆಕೆಂಡಿಗೆ ಪೇಷಂಟ್ ಮಾತನ್ನು ತಡೆಯುತ್ತಿದ್ದರು. ಬಿಟ್ಟರೆ ಎಷ್ಟು ಹೊತ್ತು ಮಾತಾಡುತ್ತಾರೆ? 2002ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಬಿಟ್ಟು ನೋಡಿದರು. ಸರಾಸರಿ 92 ಸೆಕೆಂಡ್, ಸುಮಾರು ಮುಕ್ಕಾಲು ಭಾಗ ಜನರ ಮಾತು ಎರಡು ನಿಮಿಷದೊಳಗೆ ಮುಗಿದಿತ್ತು. ಎರಡು ನಿಮಿಷ ಎಲ್ಲರ ಹತ್ತಿರವೂ ಇರುತ್ತದೆ. ನಾನು ಅಷ್ಟು ಹೊತ್ತು ಪೆನ್ನಿನ ಕ್ಯಾಪ್ ತೆಗೆಯುತ್ತಿರಲಿಲ್ಲ. ವಿಚಿತ್ರ ಅಂದರೆ ಇದರಿಂದ ನನ್ನ ಕೆಲಸವೇ ಬೇಗ ಮುಗಿಯತೊಡಗಿತು, ಹೊರಡುವಾಗ "ಡಾಕ್ಟ್ರೇ, ಇನ್ನೊಂದು ವಿಷಯ" ಅಂತ ಹಿಂದಿನಿಂದ ಕರೆಯುವವರು ಕಮ್ಮಿಯಾದರು.

ಎಲ್ಲರ ನೋವನ್ನೂ ಒಳಗೆ ತೆಗೆದುಕೊಂಡರೆ ನಾನೇ ಮುಳುಗಿಬಿಡುತ್ತೇನಲ್ಲ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಎಂಬ ಮಿದುಳು ವಿಜ್ಞಾನಿಗಳು ಇದನ್ನು ಬಿಡಿಸಿ ತೋರಿಸಿದ್ದಾರೆ. ಇನ್ನೊಬ್ಬರ ನೋವನ್ನು ನಮ್ಮದೇ ಎನ್ನುವಂತೆ ಅನುಭವಿಸುತ್ತಾ ಹೋದರೆ ಸಂಕಟ ಹೆಚ್ಚುತ್ತದೆ. ಅವರಿಗೆ ಒಳ್ಳೆಯದಾಗಲಿ ಅನ್ನುವ ಕಡೆಗೆ ಮನಸ್ಸನ್ನು ಪಳಗಿಸಿದರೆ ಮಿದುಳಿನಲ್ಲಿ ಬೇರೆಯೇ ಭಾಗಗಳು ಕೆಲಸ ಮಾಡುತ್ತವೆ, ಮನಸ್ಸೂ ಹಗುರಾಗುತ್ತದೆ. ನಾನು ಇದನ್ನು ವಾರ್ಡಿನಲ್ಲಿ ಒಂದು ಪ್ರಶ್ನೆಯಾಗಿ ಮಾಡಿಕೊಂಡೆ. ಎದೆ ಹಿಂಡಿದಂತೆ ಆದಾಗ, "ಇವರಿಗೆ ಈಗ, ಈ ಐದು ನಿಮಿಷದಲ್ಲಿ, ನನ್ನ ಕೈಯಲ್ಲಿ ಏನು ಮಾಡಲು ಆಗುತ್ತದೆ?" ಅಂತ ಕೇಳಿಕೊಳ್ಳುವುದು. ವಾಸಿಯಾಗದ ಕಾಯಿಲೆ ಇರಬಹುದು. ಆದರೆ ನೋವಿನ ಔಷಧ ತಡವಾಗಿದ್ದರೆ ಈಗಲೇ ಕೊಡಿಸಬಹುದು. ದಿಂಬು ಸರಿ ಮಾಡಬಹುದು. ಹೊರಗೆ ಕಾಯುತ್ತಿರುವವರಿಗೆ "ಸಂಜೆ ರಿಪೋರ್ಟ್ ಬಂದ ಮೇಲೆ ನಾನೇ ಬಂದು ಹೇಳುತ್ತೇನೆ" ಅಂತ ಹೇಳಿ, ಹಾಗೇ ಹೋಗಿ ಹೇಳಬಹುದು. ಏನೋ ಒಂದು ಮಾಡಿದೆ ಅನ್ನುವುದು ನನ್ನನ್ನೂ ಹಿಡಿದು ನಿಲ್ಲಿಸುತ್ತಿತ್ತು.

ಸಾವಿನ ವಿಷಯದಲ್ಲಿ ಇಷ್ಟು ಸಾಲುವುದಿಲ್ಲ. ಸಿಪಿಆರ್ (ನಿಂತ ಹೃದಯಕ್ಕಾಗಿ ಎದೆ ಒತ್ತುವುದು) ನಿಲ್ಲಿಸಿದ ಮರುಕ್ಷಣ ಕೈಗವಸು ಬಿಸಾಡಿ ಮುಂದಿನ ಬೆಡ್ಡಿಗೆ ಓಡುವುದು ನಮ್ಮಲ್ಲಿ ಮಾಮೂಲು. ವರ್ಜೀನಿಯಾದ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಇಂಥ ಹೊತ್ತಿನಲ್ಲಿ ತಂಡದವರೆಲ್ಲ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವ ರೂಢಿ ತಂದರು, ಅದು ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ನಾನು ತೀರಾ ಜೂನಿಯರ್, ಕೇಳಲು ಅಂಜಿಕೆ ಇತ್ತು. ಆದರೂ ಒಮ್ಮೆ, "ಒಂದು ನಿಮಿಷ ಇವರಿಗಾಗಿ ನಿಲ್ಲೋಣವಾ?" ಅಂತ ಕೇಳಿದೆ. ಎಲ್ಲರೂ ನಿಂತರು. ನನಗಿಂತ ಎಷ್ಟೋ ವರ್ಷ ಹಿರಿಯರಾದ ನರ್ಸ್ ಕಣ್ಣೊರೆಸಿಕೊಂಡರು. ಆಮೇಲೆ ಮನೆಯವರಿಗೆ ಸುದ್ದಿ ಹೇಳಲು ಹೋದಾಗ ನನ್ನ ದನಿ ಸ್ಥಿರವಾಗಿತ್ತು.

ಸೀನಿಯರ್‌ಗಳ ಬೈಗುಳದ ಬಗ್ಗೆ ಯಾರೂ ಸರಿಯಾಗಿ ಮಾತಾಡುವುದಿಲ್ಲ. ಎಲ್ಲರೆದುರು ಬೈಸಿಕೊಂಡ ಅವಮಾನ ಸುಮ್ನೆ ಹೋಗುವುದಿಲ್ಲ, ಕೆಳಗಿನವರ ಮೇಲೆ ಹರಿಯುತ್ತದೆ: ಇಂಟರ್ನ್ ಮೇಲೆ, ನರ್ಸ್ ಮೇಲೆ, ಕೊನೆಗೆ ಏನೂ ತಿಳಿಯದ ಪೇಷಂಟ್ ಮೇಲೆ. ಹಾಗಾಗಿ ಬೈಸಿಕೊಂಡ ಕೂಡಲೇ ಮಂಚದ ಹತ್ತಿರ ಹೋಗುತ್ತಿರಲಿಲ್ಲ. ತುರ್ತು ಇಲ್ಲದಿದ್ದರೆ ಮೊದಲು ಲ್ಯಾಬ್ ರಿಪೋರ್ಟ್ ಬರೆಯುವಂಥ ಕೆಲಸ ಮುಗಿಸಿ, ದನಿ ತಣ್ಣಗಾದ ಮೇಲೆ ಹೋಗುತ್ತಿದ್ದೆ. ವಾರಕ್ಕೊಮ್ಮೆ ನಾವು ಕೆಲವರು ಸೇರುತ್ತಿದ್ದೆವು ಕೂಡ. 1950ರ ದಶಕದಲ್ಲಿ ಲಂಡನ್‌ನಲ್ಲಿ ಮೈಕಲ್ ಮತ್ತು ಈನಿಡ್ ಬಾಲಿಂಟ್ ದಂಪತಿ ಡಾಕ್ಟರುಗಳನ್ನು ಕೂರಿಸಿ, ಪೇಷಂಟ್ ಜೊತೆಗಿನ ಸಂಬಂಧದ ಬಗ್ಗೆ ಮಾತಾಡಿಸುವ ಗುಂಪುಗಳನ್ನು ಶುರು ಮಾಡಿದ್ದರು. ನಮ್ಮದು ಅಷ್ಟು ಶಿಸ್ತಿನದಲ್ಲ. ಪೇಷಂಟ್ ಹೆಸರು ಹೇಳಬಾರದು, ಕೇಳದೇ ಸಲಹೆ ಕೊಡಬಾರದು, ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಇಷ್ಟೇ ನಿಯಮ. ಅಲ್ಲಿ ಅತ್ತಷ್ಟು ನಾನು ಬೇರೆಲ್ಲೂ ಅತ್ತಿಲ್ಲ.

ಇಷ್ಟೆಲ್ಲ ಮಾಡಿದರೂ ಮನಸ್ಸು ಏಳದಿದ್ದರೆ? ಎರಡು ವಾರ ಕಳೆದರೂ ಯಾವುದರಲ್ಲೂ ಖುಷಿ ಇಲ್ಲ, ಮಲಗಲು ಸಮಯ ಸಿಕ್ಕರೂ ನಿದ್ದೆ ಬರುವುದಿಲ್ಲ ಅಂದರೆ ಮನೋವೈದ್ಯರ ಹತ್ತಿರ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಇವತ್ತೇ ಯಾರಿಗಾದರೂ ಹೇಳಿ. ನಮಗೆ ನಾವೇ ಮಾತ್ರೆ ಬರೆದುಕೊಳ್ಳುವುದು ಬೇಡ. ನಾನು ಹೋಗಿದ್ದೆ, ನನಗೂ ಒಬ್ಬ ಡಾಕ್ಟರ್ ಇದ್ದಾರೆ. 2015ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಟ್ರೇನಿಂಗ್‌ನಲ್ಲಿರುವ ಡಾಕ್ಟರುಗಳಲ್ಲಿ ಸುಮಾರು 29% ಜನರಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ನಿಮ್ಮ ಪಕ್ಕ ಕೂತವರಲ್ಲೂ ಒಬ್ಬರಿಗೆ ಇರಬಹುದು, ಅಲ್ವಾ? ಡಾಕ್ಟರುಗಳು ತೆಗೆದುಕೊಳ್ಳುವ ಜಿನೀವಾ ಪ್ರತಿಜ್ಞೆಗೆ 2017ರಲ್ಲಿ, ಒಳ್ಳೆಯ ಚಿಕಿತ್ಸೆ ಕೊಡಲು ನನ್ನ ಸ್ವಂತ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಅನ್ನುವ ಅರ್ಥದ ಸಾಲನ್ನು ಸೇರಿಸಿದರು. ರಜೆ ಕೇಳಲು ಹಿಂಜರಿಯುವ ಜೂನಿಯರ್‌ಗಳಿಗೆ ನಾನು ಅದನ್ನೇ ತೋರಿಸುತ್ತೇನೆ.

ಒಬ್ಬೊಬ್ಬರೇ ಧ್ಯಾನ ಮಾಡಿಕೊಂಡು ಸರಿ ಹೋಗಿ ಅನ್ನುವವರ ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಬರ್ನ್‌ಔಟ್ ಅನ್ನು ಕೆಲಸದ ಜಾಗಕ್ಕೆ ಸಂಬಂಧಿಸಿದ್ದು ಎಂದೇ ಗುರುತಿಸಿದೆ. 1984ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ, ದೀರ್ಘ ಡ್ಯೂಟಿಯಲ್ಲಿದ್ದ ಜೂನಿಯರ್ ಡಾಕ್ಟರುಗಳು ನೋಡಿಕೊಳ್ಳುತ್ತಿದ್ದ 18 ವರ್ಷದ ಹುಡುಗಿ ತೀರಿಕೊಂಡಳು. ಅವಳ ತಂದೆ ಬಿಡದೆ ಹೋರಾಡಿದ್ದರಿಂದ 1989ರಲ್ಲಿ ಆ ರಾಜ್ಯದಲ್ಲಿ ರೆಸಿಡೆಂಟ್ ಡಾಕ್ಟರುಗಳಿಗೆ (ಆಸ್ಪತ್ರೆಯಲ್ಲಿ ಟ್ರೇನಿಂಗ್‌ನಲ್ಲಿರುವವರಿಗೆ) ವಾರಕ್ಕೆ 80 ಗಂಟೆಯ ಮಿತಿ ಬಂತು. ಯಾರೋ ಕೇಳಿದರು, ಅದಕ್ಕೆ ಬಂತು. ನಾವೂ ಬ್ಯಾಚಿನವರೆಲ್ಲ ಸೇರಿ ನಿಜವಾಗಿ ಮಾಡಿದ ಗಂಟೆಗಳನ್ನು ಬರೆದಿಟ್ಟು, ಎಲ್ಲರೂ ಸಹಿ ಹಾಕಿ, ಜೊತೆಗೆ ನಾವೇ ತಯಾರಿಸಿದ ಬದಲಿ ರೋಸ್ಟರ್ ಕೊಟ್ಟೆವು. ಬರೀ ದೂರು ಕೊಟ್ಟಿದ್ದರೆ ಪಕ್ಕಕ್ಕೆ ಇಡುತ್ತಿದ್ದರೇನೋ. ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ನೈಟ್ ಮುಗಿಸಿದವರು ಪೇಷಂಟ್‌ಗಳ ವಿವರವನ್ನು ಮುಂದಿನವರಿಗೆ ಒಪ್ಪಿಸಿ ನೇರ ಮನೆಗೆ ಹೋಗಬಹುದು, ಬೆಳಗಿನ ರೌಂಡ್ಸ್‌ಗೆ ನಿಲ್ಲಬೇಕಿಲ್ಲ ಅನ್ನುವುದು ಒಪ್ಪಿಗೆಯಾಯಿತು. ನಮ್ಮ ನಂತರ ಬಂದ ಬ್ಯಾಚಿಗೂ ಅದೇ ರೋಸ್ಟರ್ ನಡೆಯುತ್ತಿದೆ.