ಹರಳು ಕೈಯಲ್ಲಿದೆ, ಗಣಿ ಎಲ್ಲಿದೆ? ಕಳೆದುಹೋದ ಖನಿಜ ತಾಣಗಳ ಜಾಡು ಹಿಡಿಯುವುದು ಹೇಗೆ

ಹಳೆಯ ಖನಿಜ ಸಂಗ್ರಹವೊಂದು ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಹರಳನ್ನು. ಪಳಗಿದವರು ಮೊದಲು ನೋಡುವುದು ಅದರ ಕೆಳಗಿರುವ ಚೀಟಿಯನ್ನು. ಅದು ಯಾವ ಖನಿಜ ಅನ್ನುವುದನ್ನು ಲ್ಯಾಬಿನಲ್ಲಿ ಇವತ್ತಲ್ಲ ನಾಳೆ ಪತ್ತೆ ಮಾಡಬಹುದು. ಎಲ್ಲಿ ಸಿಕ್ಕಿತು ಅನ್ನುವುದು ಒಮ್ಮೆ ಕಳೆದುಹೋದರೆ ವಾಪಸ್ ಪಡೆಯುವುದು ಕಷ್ಟ.

ಚೀಟಿ ಇದ್ದರೂ ಕೆಲಸ ಮುಗಿಯಿತು ಅಂತಲ್ಲ. ಅದರಲ್ಲಿ ಬರೆದ ಊರು ಈಗಿನ ಮ್ಯಾಪಿನಲ್ಲಿ ಇರುವುದೇ ಇಲ್ಲ. ದೇಶದ ಹೆಸರು ಬದಲಾಗಿರುತ್ತದೆ, ಗಣಿ ಮುಚ್ಚಿರುತ್ತದೆ, ಕ್ವಾರಿಯಲ್ಲಿ ನೀರು ನಿಂತಿರುತ್ತದೆ. ಕೆಲವೊಮ್ಮೆ ಬರೆದವರೇ ಬೇಕಂತಲೇ ಸುಳ್ಳು ಬರೆದಿರುತ್ತಾರೆ. ಆದ್ದರಿಂದ ಮ್ಯಾಪ್ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಚೀಟಿ ಬರೆದವರು ಯಾರು, ಯಾವಾಗ ಬರೆದರು, ಅವರಿಗೆ ನಿಜಕ್ಕೂ ಎಷ್ಟು ಗೊತ್ತಿತ್ತು? ಮುಂದಿನ ಹೆಜ್ಜೆಗಳೆಲ್ಲ ಇದಕ್ಕೆ ಉತ್ತರ ಹುಡುಕುವ ದಾರಿಗಳೇ.

1. ಏನನ್ನೂ ಎಸೆಯಬೇಡಿ, ತೊಳೆಯಬೇಡಿ

ಹರಳಿನ ಎಲ್ಲ ಮಗ್ಗುಲು, ಚೀಟಿಯ ಹಿಂದು ಮುಂದು, ಡಬ್ಬಿ, ಡಬ್ಬಿಯೊಳಗೆ ಹಾಸಿದ ಹಳೆಯ ಪೇಪರ್, ಎಲ್ಲದರ ಫೋಟೊ ತೆಗೆಯಿರಿ. ಕಲ್ಲಿನ ಹಿಂಭಾಗದಲ್ಲಿ ಬಿಳಿ ಬಣ್ಣದ ಚುಕ್ಕೆ ಹಾಕಿ ಅದರ ಮೇಲೆ ಶಾಯಿಯಲ್ಲಿ ನಂಬರ್ ಬರೆದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅದು ಯಾವುದೋ ಮ್ಯೂಸಿಯಂ ಅಥವಾ ಸಂಗ್ರಹಕಾರರ ಪಟ್ಟಿಯ ನಂಬರ್. ಚೀಟಿಗಳು ಅದಲು ಬದಲಾಗುತ್ತವೆ, ಕಲ್ಲಿಗೆ ಅಂಟಿದ ನಂಬರ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಮೂಲ ಪಟ್ಟಿ ಸಿಕ್ಕಿದರೆ ಒಂದೇ ಸಾಲಿನಲ್ಲಿ ಉತ್ತರ ಸಿಗಬಹುದು.

ಒಂದೇ ಹರಳಿಗೆ ಎರಡು ಮೂರು ಚೀಟಿ ಇರುವುದೂ ಉಂಟು. ಕೈ ಬದಲಾದಂತೆಲ್ಲ ಹೊಸ ಮಾಲೀಕರು ಹೊಸ ಚೀಟಿ ಬರೆದಿರುತ್ತಾರೆ. ತುಂಬಾ ಹಳೆಯ ಚೀಟಿಯನ್ನೇ ಜಾಸ್ತಿ ನಂಬಿ. ಟೈಪ್ ಮಾಡಿದ ಹೊಸ ಚೀಟಿ ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ನಕಲು ಮಾಡುವಾಗ ಗಣಿಯ ಹೆಸರು ಬಿಟ್ಟುಹೋಗಿ ಬರೀ ದೇಶದ ಹೆಸರು ಉಳಿದಿರುವ ಉದಾಹರಣೆಗಳು ಬೇಕಾದಷ್ಟಿವೆ. ಹರಳಿನ ಸಂದಿಯಲ್ಲಿ ಮೆತ್ತಿಕೊಂಡ ಮಣ್ಣನ್ನೂ ಸದ್ಯಕ್ಕೆ ಹಾಗೇ ಬಿಡಿ.

2. ಚೀಟಿಯ ವಯಸ್ಸು ಗೊತ್ತು ಮಾಡಿಕೊಳ್ಳಿ

ಚೀಟಿಯ ಮೇಲೆ ತಾರೀಖು ಇರುವುದು ಅಪರೂಪ. ಆದರೆ ದೇಶದ ಹೆಸರೇ ತಾರೀಖು ಹೇಳುತ್ತದೆ. ‘ಜೈರ್’ ಎಂದು ಬರೆದಿದ್ದರೆ 1971ಕ್ಕಿಂತ ಹಿಂದೆ ಬರೆದಿರಲು ಸಾಧ್ಯವಿಲ್ಲ, ಯಾಕೆಂದರೆ ಕಾಂಗೊ ದೇಶಕ್ಕೆ ಆ ಹೆಸರು ಇದ್ದದ್ದು 1971ರಿಂದ 1997ರವರೆಗೆ. ‘ಬೆಲ್ಜಿಯನ್ ಕಾಂಗೊ’ ಎಂಬುದು ಅದೇ ದೇಶಕ್ಕೆ 1960ರವರೆಗೆ ಇದ್ದ ಹೆಸರು. ಅಲ್ಲಿನ ‘ಎಲಿಜಬೆತ್‌ವಿಲ್’ ಎಂಬ ಊರು 1966ರಲ್ಲಿ ಲುಬುಂಬಾಷಿ ಆಯಿತು. ‘ಉತ್ತರ ರೊಡೇಷಿಯಾ’ 1964ರಲ್ಲಿ ಜಾಂಬಿಯಾ ಆಯಿತು. ‘ನೈರುತ್ಯ ಆಫ್ರಿಕಾ’ ಈಗಿನ ನಮೀಬಿಯಾ, ಸ್ವತಂತ್ರವಾದದ್ದು 1990ರಲ್ಲಿ. ಇಂಗ್ಲೆಂಡಿನ ಕಂಬರ್‌ಲ್ಯಾಂಡ್ 1974ರಲ್ಲಿ ಕಂಬ್ರಿಯಾದೊಳಗೆ ಸೇರಿಕೊಂಡಿತು. 2023ರಲ್ಲಿ ಒಂದು ಸ್ಥಳೀಯ ಆಡಳಿತಕ್ಕೆ ಮತ್ತೆ ಅದೇ ಹೆಸರು ಇಟ್ಟಿದ್ದಾರೆ, ಎಲ್ಲೆ ಮಾತ್ರ ಬೇರೆ. ಮುಂದಿನ ತಲೆಮಾರಿನವರಿಗೆ ಇದು ಒಳ್ಳೇ ತಲೆನೋವು.

ವ್ಯಾಪಾರಿಯ ವಿಳಾಸವೂ ಸಹಾಯಕ್ಕೆ ಬರುತ್ತದೆ. ಅಮೆರಿಕದ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಚೀಟಿ 1963ರ ನಂತರದ್ದು. ಜರ್ಮನಿಯ ವಿಳಾಸದಲ್ಲಿ ಐದಂಕಿಯ ಪಿನ್ ಇದ್ದರೆ 1993ರ ನಂತರದ್ದು, ಅದಕ್ಕೂ ಮುಂಚೆ ಅಲ್ಲಿ ನಾಲ್ಕೇ ಅಂಕಿ. ಜರ್ಮನಿಯ ಹೆಸರಾಂತ ಖನಿಜ ವ್ಯಾಪಾರಿ ಸಂಸ್ಥೆ ಕ್ರಾಂಟ್ಸ್ ಶುರುವಾಗಿದ್ದು 1833ರಲ್ಲಿ ಫ್ರೈಬರ್ಗ್‌ನಲ್ಲಿ. ಆಮೇಲೆ ಬರ್ಲಿನ್‌ಗೆ, 1850ರಲ್ಲಿ ಬಾನ್‌ಗೆ ಹೋಯಿತು. ಚೀಟಿಯಲ್ಲಿ ಬಾನ್ ಎಂದಿದ್ದರೆ ಅದಕ್ಕಿಂತ ಹಿಂದೆ ಹುಡುಕಬೇಕಿಲ್ಲ. ‘ಮಿನರಲಾಜಿಕಲ್ ರೆಕಾರ್ಡ್’ ಪತ್ರಿಕೆಯ ಜಾಲತಾಣದಲ್ಲಿ ಹಳೆಯ ಸಂಗ್ರಹಕಾರರ, ವ್ಯಾಪಾರಿಗಳ ಚೀಟಿಗಳ ಚಿತ್ರಗಳಿವೆ. ಕೈಬರಹ, ಅಂಚಿನ ಗೆರೆ, ಅಕ್ಷರದ ಅಚ್ಚು ಹೋಲಿಸಿ ನೋಡಲು ಅದು ಒಳ್ಳೇ ಜಾಗ.

ಇಲ್ಲೊಂದು ಎಚ್ಚರಿಕೆ. ಈ ಲೆಕ್ಕದಿಂದ ಸಿಗುವುದು ‘ಇದಕ್ಕಿಂತ ಹಿಂದಿನದಲ್ಲ’ ಅನ್ನುವ ಉತ್ತರ. ‘ಇದಕ್ಕಿಂತ ಈಚಿನದಲ್ಲ’ ಎಂದು ಹೇಳುವುದು ಕಷ್ಟ. ಹಳೆಯ ಹೆಸರು ನಾಲಿಗೆಗೆ ಕೂತುಬಿಟ್ಟಿರುತ್ತದೆ ಅಲ್ವಾ? ಗಡಿ ಬದಲಾಗಿ ಹತ್ತಾರು ವರ್ಷವಾದರೂ ವ್ಯಾಪಾರಿಗಳು ಅದನ್ನೇ ಬರೆಯುತ್ತಿದ್ದರು.

3. ಹೆಸರನ್ನು ಬಿಡಿಸಿ

ಒಂದು ಚೀಟಿ ಹೀಗಿದೆ ಅಂದುಕೊಳ್ಳಿ: ‘ಆಂಟಿಮೊನಿಟ್, ಬಾರಿಟ್. ಫೆಲ್ಶೊಬಾನ್ಯಾ, ಉಂಗಾರ್ನ್.’ ಕ್ರಾಂಟ್ಸ್, ಬಾನ್. ಬರಹ ಜರ್ಮನ್, ಊರಿನ ಹೆಸರು ಹಂಗೇರಿಯನ್. ಈಗಿನ ಹಂಗೇರಿಯ ಮ್ಯಾಪಿನಲ್ಲಿ ಹುಡುಕಿದರೆ ಆ ಊರು ಸಿಗುವುದಿಲ್ಲ. 1920ರ ಒಪ್ಪಂದದ ನಂತರ ಆ ಪ್ರದೇಶ ರೊಮೇನಿಯಾಕ್ಕೆ ಹೋಯಿತು. ಊರಿನ ಈಗಿನ ಹೆಸರು ಬಾಯಾ ಸ್ಪ್ರಿಯೆ. ಕಪ್ಪು ಸೂಜಿಯಂಥ ಸ್ಟಿಬ್ನೈಟ್ (ಚೀಟಿಯ ‘ಆಂಟಿಮೊನಿಟ್’) ಜೊತೆ ಬೆರೈಟ್ (‘ಬಾರಿಟ್’) ಹರಳು ಅಲ್ಲಿನ ಗಣಿಯ ಹಳೆಯ ಪರಿಚಯ. ಚೀಟಿ, ಖನಿಜ, ಊರು ಮೂರೂ ಹೊಂದುತ್ತವೆ. ಚೀಟಿ 1850ರ ನಂತರದ್ದು, ಬಹುಶಃ 1920ರ ಆಸುಪಾಸಿಗಿಂತ ಈಚಿನದಲ್ಲ. ಒಂದು ಚಿಕ್ಕ ಕಾಗದದಿಂದ ಇಷ್ಟು ಸಿಕ್ಕಿದರೆ ಅರ್ಧ ಗೆದ್ದಂತೆ.

ಮಧ್ಯ ಯುರೋಪಿನ ಗಣಿ ಊರುಗಳಿಗೆ ಎರಡು ಮೂರು ಹೆಸರು ಮಾಮೂಲಿ. ಶೆಮ್ನಿಟ್ಸ್ ಎಂದರೆ ಈಗಿನ ಸ್ಲೊವಾಕಿಯಾದ ಬಾನ್ಸ್ಕಾ ಶ್ಟಿಯಾವ್ನಿಟ್ಸಾ. ಯೊಆಖಿಮ್ಸ್‌ಟಾಲ್ ಎಂದರೆ ಚೆಕ್ ದೇಶದ ಯಾಖಿಮೋವ್. ನಾಗ್ಯಾಗ್ ಎಂದರೆ ರೊಮೇನಿಯಾದ ಸಕರಿಂಬ್.

ಒಂದೇ ಹೆಸರಿನ ಎರಡು ಜಾಗಗಳು ಇನ್ನೂ ಕಾಡುತ್ತವೆ. ‘ಬ್ರೋಕನ್ ಹಿಲ್’ ಎಂದ ತಕ್ಷಣ ಎಲ್ಲರೂ ಆಸ್ಟ್ರೇಲಿಯಾ ಅಂದುಕೊಳ್ಳುತ್ತಾರೆ. ಜಾಂಬಿಯಾದ ಕಬ್ವೆ ಊರಿಗೂ ಹಿಂದೆ ಅದೇ ಹೆಸರಿತ್ತು, ಅಲ್ಲೂ ಸೀಸ, ಸತುವಿನ ಗಣಿಯೇ. ಹರಳು ಟಾರ್ಬುಟೈಟ್ ಅಥವಾ ಹೋಪೈಟ್ ಆಗಿದ್ದರೆ ಮೊದಲು ಜಾಂಬಿಯಾ ಕಡೆ ನೋಡಿ. ಕೆಂಪು ರೊಡೊನೈಟ್ ಆಗಿದ್ದರೆ ಆಸ್ಟ್ರೇಲಿಯಾ. ಜರ್ಮನಿಯಲ್ಲಿ ಫ್ರೈಬರ್ಗ್, ಫ್ರೈಬುರ್ಗ್ ಎಂಬ ಎರಡು ಊರುಗಳಿವೆ. ಒಂದೇ ಅಕ್ಷರದ ವ್ಯತ್ಯಾಸ. ಬೆಳ್ಳಿ ಗಣಿಗೆ ಹೆಸರಾದದ್ದು ಸ್ಯಾಕ್ಸನಿಯ ಫ್ರೈಬರ್ಗ್.

ಇನ್ನು ‘ಹತ್ತಿರದ ದೊಡ್ಡ ಊರು’ ಅನ್ನುವ ಅಭ್ಯಾಸ. ಮ್ಯಾಟ್ಲಾಕೈಟ್ ಎಂಬ ಖನಿಜಕ್ಕೆ ಇಂಗ್ಲೆಂಡಿನ ಮ್ಯಾಟ್ಲಾಕ್ ಊರಿನ ಹೆಸರಿದೆ. ಅದು ಸಿಕ್ಕಿದ್ದು ಅಲ್ಲಿಂದ ಸ್ವಲ್ಪ ದೂರದ ಬೋಲ್‌ಹಿಲ್‌ನ ಬೇಜ್ ಗಣಿಯಲ್ಲಿ. ‘ಪೂನಾ’ ಎಂಬ ಹಳೆಯ ಚೀಟಿಗಳ ಕತೆಯೂ ಇದೇ. ದಖನ್ನಿನ ಲಾವಾ ಬಂಡೆಯಾದ ಡೆಕ್ಕನ್ ಬಸಾಲ್ಟಿನಲ್ಲಿ ಸಿಗುವ ಜಿಯೊಲೈಟ್ ಹರಳುಗಳು ಪುಣೆಯ ಸುತ್ತಲಿನ ಯಾವುದೇ ಕ್ವಾರಿಯವಾಗಿರಬಹುದು. ನಾಸಿಕ್, ಜಳಗಾಂವ್ ಕಡೆಯವೂ ಅದೇ ಹೆಸರಿನಲ್ಲಿ ಮಾರಾಟವಾಗಿವೆ. ಅದೇ ಹರಳಿನ ಜೊತೆ ಕಡು ನೀಲಿ ಕವನ್ಸೈಟ್ ಇದ್ದರೆ ಬಹುಮಟ್ಟಿಗೆ ಪುಣೆ ಬಳಿಯ ವಾಘೋಲಿಯ ಕ್ವಾರಿ ಎಂದು ಹೇಳಬಹುದು.

ದೂರದ ಅಳತೆ ಓದುವಾಗಲೂ ಹುಷಾರು. ಹಳೆಯ ಜರ್ಮನ್ ಚೀಟಿಯ ‘ಒಂದು ಮೈಲಿ’ ಎಂದರೆ ಸುಮಾರು ಏಳೂವರೆ ಕಿಲೋಮೀಟರ್. ಇಂಗ್ಲಿಷ್ ಮೈಲಿ ಎಂದುಕೊಂಡು ಹೊರಟರೆ ಪಕ್ಕದ ಕಣಿವೆಯಲ್ಲಿ ಅಲೆಯುತ್ತೀರಿ. ಕೈಬರಹವೂ ಅಷ್ಟೇ. ಜರ್ಮನಿಯ ಶಾಲೆಗಳಲ್ಲಿ 1941ರವರೆಗೆ ಕಲಿಸುತ್ತಿದ್ದ ಹಳೆಯ ಶೈಲಿಯಲ್ಲಿ ‘ಇ’ (e) ಅಕ್ಷರ ‘ಎನ್’ (n) ಥರ ಕಾಣುತ್ತದೆ. ಯಾವ ಮ್ಯಾಪಿನಲ್ಲೂ ಇಲ್ಲದ ಎಷ್ಟೋ ‘ಊರು’ಗಳು ಹುಟ್ಟಿದ್ದು ಹೀಗೆ ತಪ್ಪಾಗಿ ಓದಿದ್ದರಿಂದ. ಹೆಸರು ಎಲ್ಲೂ ಸಿಗದಿದ್ದರೆ ಒಂದೊಂದೇ ಅಕ್ಷರ ಬದಲಿಸಿ ಮತ್ತೆ ಹುಡುಕಿ.

4. ಕಲ್ಲನ್ನೇ ಕೇಳಿ

ಚೀಟಿಯೇ ಇಲ್ಲದಿದ್ದರೆ ಉಳಿಯುವುದು ಕಲ್ಲು ಮಾತ್ರ. ಇಲ್ಲಿ ಮುಖ್ಯ ಹರಳಿಗಿಂತ ಅದರ ಜೊತೆಗಿರುವ ಸಣ್ಣಪುಟ್ಟ ಖನಿಜಗಳು, ಅದು ಕೂತಿರುವ ಬಂಡೆ ಜಾಸ್ತಿ ಹೇಳುತ್ತವೆ. ಸ್ಫಟಿಕ ಶಿಲೆ ಲೋಕದಲ್ಲೆಲ್ಲ ಸಿಗುತ್ತದೆ. ಆದರೆ ನಾಲ್ಕು ಖನಿಜಗಳು ಒಟ್ಟಿಗೆ, ಒಂದೇ ಕ್ರಮದಲ್ಲಿ ಬೆಳೆದಿರುವ ಜಾಗಗಳು ಬೆರಳೆಣಿಕೆಯಷ್ಟು.

ಇದಕ್ಕೆ ಒಳ್ಳೇ ಉದಾಹರಣೆ ಅಮೆರಿಕದ ನ್ಯೂಜೆರ್ಸಿಯ ಫ್ರಾಂಕ್ಲಿನ್. ಕತ್ತಲೆ ಕೋಣೆಯಲ್ಲಿ ಶಾರ್ಟ್‌ವೇವ್ ಯುವಿ ದೀಪ ಹಿಡಿಯಿರಿ. ವಿಲ್ಲೆಮೈಟ್ ಹಸಿರಾಗಿ ಹೊಳೆಯುತ್ತದೆ, ಕ್ಯಾಲ್ಸೈಟ್ ಕೆಂಡದಂತೆ ಕೆಂಪಾಗುತ್ತದೆ, ನಡುನಡುವೆ ಫ್ರಾಂಕ್ಲಿನೈಟಿನ ಕರಿ ಕಾಳುಗಳು ಹೊಳೆಯದೆ ಹಾಗೇ ಕೂತಿರುತ್ತವೆ. ಈ ಮೂರೂ ಕೂಡಿದ ಕಲ್ಲಿಗೆ ಚೀಟಿಯ ಅಗತ್ಯವೇ ಇಲ್ಲ. ಆದರೂ ಒಂದು ಕೊಕ್ಕೆ ಇದೆ. ಕೆಲವೇ ಕಿಲೋಮೀಟರ್ ದೂರದ ಸ್ಟರ್ಲಿಂಗ್ ಹಿಲ್ ಗಣಿಯಲ್ಲೂ ಇಂಥದೇ ಕಲ್ಲು ಸಿಗುತ್ತಿತ್ತು. ಎರಡರಲ್ಲಿ ಯಾವುದು ಎಂದು ಹೇಳಲು ಅಲ್ಲಿನ ಪರಿಣತರೂ ಎಷ್ಟೋ ಸಲ ತಿಣುಕುತ್ತಾರೆ. ಹಾಗಿದ್ದಾಗ ‘ಫ್ರಾಂಕ್ಲಿನ್ ಅಥವಾ ಸ್ಟರ್ಲಿಂಗ್ ಹಿಲ್’ ಎಂದೇ ಬರೆಯುವುದು ಸರಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕೈಮಸೂರ) ಹಿಡಿದು ಬಂಡೆ ಯಾವ ಜಾತಿ ನೋಡಿ: ಗ್ರಾನೈಟೋ, ಸುಣ್ಣಕಲ್ಲೋ, ಬಸಾಲ್ಟೋ. ಚೀಟಿಯಲ್ಲಿ ಹೇಳಿದ ಊರಿನ ಭೂವಿಜ್ಞಾನದ ನಕ್ಷೆಯಲ್ಲಿ ಆ ಜಾತಿಯ ಬಂಡೆಯೇ ಇಲ್ಲದಿದ್ದರೆ ಚೀಟಿ ಬೇರೆ ಕಲ್ಲಿನದು. ಆಮೇಲೆ ಖನಿಜಗಳ ಮತ್ತು ಅವು ಸಿಗುವ ತಾಣಗಳ ಆನ್‌ಲೈನ್ ಕೋಶವಾದ ಮಿಂಡಾಟ್ ತೆರೆದು, ನಿಮ್ಮ ಕಲ್ಲಿನಲ್ಲಿರುವ ಅಪರೂಪದ ಎರಡು ಖನಿಜಗಳು ಒಟ್ಟಿಗೆ ಎಲ್ಲೆಲ್ಲಿ ಸಿಕ್ಕಿವೆ ನೋಡಿ. ಫೋಟೊಗಳನ್ನು ಹೋಲಿಸಿ. ಆದರೆ ಅಲ್ಲಿರುವುದೂ ಜನ ಸೇರಿಸಿದ ಮಾಹಿತಿಯೇ, ತಪ್ಪು ಚೀಟಿಯೊಂದು ಅಲ್ಲಿಗೂ ನುಸುಳಿರಬಹುದು. ಲ್ಯಾಬಿನಲ್ಲಿ ಮಾಡುವ ರಾಮನ್, ಎಕ್ಸ್‌ರೇ ಪರೀಕ್ಷೆಗಳು ಖನಿಜ ಯಾವುದೆಂದು ಹೇಳುತ್ತವೆ. ತಾಣ ಹೇಳಬೇಕಾದರೆ ಹೋಲಿಸಲು ಆ ತಾಣದ್ದೇ ಖಚಿತ ಮಾದರಿ ಪಕ್ಕದಲ್ಲಿರಬೇಕು.

5. ಮ್ಯಾಪಿನ ಮೇಲೆ ಗಣಿ ಹುಡುಕಿ

ಈಗ ಮ್ಯಾಪ್ ತೆರೆಯಬಹುದು. ಚೀಟಿಯ ಕಾಲದ್ದೇ ಮ್ಯಾಪ್ ಬೇಕು. ಅಮೆರಿಕದ ಭೂಸರ್ವೆ ಇಲಾಖೆಯ ಹಳೆಯ ಮ್ಯಾಪುಗಳು, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಬ್ರಿಟಿಷ್ ಸರ್ವೆ ಮ್ಯಾಪುಗಳು ಉಚಿತವಾಗಿ ಸಿಗುತ್ತವೆ. ಯುರೋಪಿನ ಹಲವು ಮ್ಯಾಪುಗಳಲ್ಲಿ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಗಳ ಗುರುತು ಎಂದರೆ ಗಣಿ. ಅದೇ ಗುರುತು ತಲೆಕೆಳಗಾಗಿದ್ದರೆ ಮುಚ್ಚಿದ ಗಣಿ.

ಅಕ್ಷಾಂಶ ರೇಖಾಂಶ ಸಿಕ್ಕಿತೆಂದು ಹಿಗ್ಗಬೇಡಿ. ಹಳೆಯ ಫ್ರೆಂಚ್ ಮ್ಯಾಪುಗಳು ರೇಖಾಂಶವನ್ನು ಪ್ಯಾರಿಸ್‌ನಿಂದ ಎಣಿಸುತ್ತಿದ್ದವು. ಅದು ಗ್ರೀನಿಚ್‌ಗಿಂತ 2 ಡಿಗ್ರಿ 20 ನಿಮಿಷ ಪೂರ್ವಕ್ಕಿದೆ. ಆಸ್ಟ್ರಿಯಾದ ಹಳೆಯ ಮ್ಯಾಪುಗಳು ಅಟ್ಲಾಂಟಿಕ್ ಸಾಗರದ ಫೆರೊ ದ್ವೀಪದಿಂದ ಎಣಿಸುತ್ತಿದ್ದವು, ಅದು ಗ್ರೀನಿಚ್‌ಗಿಂತ 17 ಡಿಗ್ರಿ 40 ನಿಮಿಷ ಪಶ್ಚಿಮಕ್ಕಿದೆ. ಈ ವ್ಯತ್ಯಾಸ ಸರಿಮಾಡದೆ ಫೋನಿನಲ್ಲಿ ಹಾಕಿದರೆ ಗಣಿ ಬೇರೆ ದೇಶದಲ್ಲಿ ಬಂದು ಕೂರುತ್ತದೆ.

ಕಾಡು ಬೆಳೆದು ಮುಚ್ಚಿಹೋಗಿದ್ದರೆ ಲೈಡಾರ್ ಚಿತ್ರ ನೋಡಿ. ವಿಮಾನದಿಂದ ಲೇಸರ್ ಬಿಟ್ಟು ಮಾಡುವ ಈ ನಕ್ಷೆಯಲ್ಲಿ ಮರಗಳನ್ನು ತೆಗೆದುಹಾಕಿ ಬರೀ ನೆಲ ತೋರಿಸುತ್ತಾರೆ. ಸಾಲಾಗಿ ಗುಳಿಗಳು, ಪಕ್ಕದಲ್ಲೇ ಸಣ್ಣ ಗುಡ್ಡೆಗಳು ಕಂಡರೆ ಅದು ಹಳೆಯ ಅಗೆತ ಎಂದು ಊಹಿಸಬಹುದು. ಗಣಿ ಕಂಪನಿಗಳ ಹಳೆಯ ವರದಿ, ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆ, ಜಮೀನಿನ ದಾಖಲೆ, ಇವನ್ನೂ ಬಿಡಬೇಡಿ. ಗಣಿಯಲ್ಲಿ ಅಪಘಾತವಾದ ಸುದ್ದಿಯಲ್ಲಿ ಅದು ಇದ್ದ ಜಾಗವನ್ನೂ ಹೇಳಿರುವುದುಂಟು.

6. ಸುಳ್ಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ

ಒಳ್ಳೇ ಹರಳು ಸಿಗುವ ಜಾಗವನ್ನು ವ್ಯಾಪಾರಿಗಳು ಗುಟ್ಟಾಗಿ ಇಡುವುದು ಹೊಸದೇನಲ್ಲ. ಪೈಪೋಟಿಯವರು ಬರಬಾರದು ಎಂದು ಪಕ್ಕದ ಜಿಲ್ಲೆಯ ಹೆಸರು ಬರೆದುಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದೂ ನಡೆದಿದೆ. ಬ್ರಿಟನ್ನಿನ ಸಂಗ್ರಹಕಾರ ಆರ್ಥರ್ ಕಿಂಗ್ಸ್‌ಬರಿ ತಮ್ಮ ದೇಶದಲ್ಲಿ ಎಷ್ಟೋ ಅಪರೂಪದ ಖನಿಜಗಳು ಸಿಕ್ಕಿವೆ ಎಂದು ಪ್ರಕಟಿಸಿದ್ದರು. ಅವರು 1968ರಲ್ಲಿ ತೀರಿಕೊಂಡ ಮೇಲೆ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ಅದನ್ನು ಪರಿಶೀಲಿಸಿದವರು 1998ರಲ್ಲಿ ವರದಿ ಪ್ರಕಟಿಸಿ, ಹಲವು ಮಾದರಿಗಳ ತಾಣ ಸುಳ್ಳು ಎಂದು ತೋರಿಸಿದರು. ಬೇರೆ ಕಡೆಯ ಕಲ್ಲುಗಳಿಗೆ ಬ್ರಿಟಿಷ್ ಗಣಿಗಳ ಹೆಸರು ಅಂಟಿಸಲಾಗಿತ್ತು.

ಹಾಗಾಗಿ ‘ಇಲ್ಲಿ ಇದೊಂದೇ ಸಲ ಸಿಕ್ಕಿದ್ದು’ ಎಂಬ ಮಾತು ಕೇಳಿದರೆ ಸ್ವಲ್ಪ ಅನುಮಾನ ಇರಲಿ. ಆದರೆ ಎಲ್ಲವನ್ನೂ ಸುಳ್ಳು ಎನ್ನಬೇಡಿ. 1945ರಲ್ಲಿ ಡಬ್ಲಿನ್ನಿನಲ್ಲಿ ರಿಚರ್ಡ್ ಟಾಫ್ ಎಂಬ ರತ್ನಪರೀಕ್ಷಕರಿಗೆ ಹಳೆಯ ರತ್ನಗಳ ರಾಶಿಯಲ್ಲಿ ಕತ್ತರಿಸಿ ಹೊಳಪು ಕೊಟ್ಟ ಒಂದು ಕಲ್ಲು ಸಿಕ್ಕಿತು. ನೋಡಲು ಸ್ಪೈನೆಲ್ ಎಂಬ ರತ್ನದಂತಿತ್ತು. ಆದರೆ ಲೂಪಿನಲ್ಲಿ ಒಳಗಿನ ಗೆರೆಗಳು ಜೋಡಿಯಾಗಿ ಕಂಡವು, ಸ್ಪೈನೆಲ್ಲಿನಲ್ಲಿ ಹಾಗಾಗುವುದಿಲ್ಲ. ಅದು ಹೊಸ ಖನಿಜ, ಟಾಫೈಟ್. ಖನಿಜ ಮೊದಲು ಸಿಕ್ಕಿತು, ಅದು ಶ್ರೀಲಂಕಾದಲ್ಲಿ ಸಿಗುತ್ತದೆ ಎಂಬುದು ಆಮೇಲೆ ತಿಳಿಯಿತು.

7. ಜಾಗಕ್ಕೆ ಹೋಗುವುದಾದರೆ

ಜಮೀನಿನವರ ಅನುಮತಿ ಇಲ್ಲದೆ ಕಾಲಿಡಬೇಡಿ, ಆ ದೇಶದ ಕಾನೂನು ಮೊದಲೇ ಓದಿ. ಹಳೆಯ ಸುರಂಗದೊಳಗೆ ಹೋಗಬೇಡಿ. ಮರದ ಆಸರೆ ಕೊಳೆತಿರುತ್ತದೆ, ಒಳಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲದಿದ್ದರೆ ನಿಮಗೆ ಗೊತ್ತಾಗುವುದೇ ಇಲ್ಲ. ಅದರ ಅಗತ್ಯವೂ ಇಲ್ಲ. ಹೊರಗೆ ಸುರಿದ ಕಲ್ಲಿನ ಗುಡ್ಡೆಯಲ್ಲಿ ನಿಮ್ಮ ಹರಳಿನ ಜೊತೆಗಿದ್ದ ಬಂಡೆಯೇ, ಅದೇ ಸಣ್ಣ ಖನಿಜಗಳೇ ಕಂಡರೆ ಸಾಕು. ಗಿಡಗಳನ್ನೂ ಗಮನಿಸಿ. ಬೆಲ್ಜಿಯಂ, ಜರ್ಮನಿ ಗಡಿಯ ಸತುವಿನ ಮಣ್ಣಿನಲ್ಲಿ ಬೆಳೆಯುವ ಹಳದಿ ವಯಲೆಟ್ ಹೂವು ಹಳೆಯ ಗಣಿಗಳ ಗುರುತಾಗಿದೆ. ಗುಡ್ಡೆ ಮುಟ್ಟಿದ ಮೇಲೆ ಕೈ ತೊಳೆಯಿರಿ, ಸೀಸ, ಆರ್ಸೆನಿಕ್ ಇರಬಹುದು.

8. ಹೊಸ ಚೀಟಿ ಬರೆಯುವಾಗ

ಹಳೆಯ ಚೀಟಿಯ ಮೇಲೆ ಏನನ್ನೂ ತಿದ್ದಬೇಡಿ, ಅದನ್ನು ಹರಳಿನ ಜೊತೆಗೇ ಇಡಿ. ಹೊಸ ಚೀಟಿಯಲ್ಲಿ ಮೊದಲು ಹಳೆಯ ಹೆಸರು ಬರೆದಿದ್ದಂತೆಯೇ, ಕೆಳಗೆ ಈಗಿನ ಹೆಸರು. ಊಹೆಯಾದರೆ ‘ಬಹುಶಃ’ ಎಂದು ಸ್ಪಷ್ಟವಾಗಿ ಬರೆಯಿರಿ, ಯಾಕೆ ಹಾಗೆ ಅನಿಸಿತು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ: ‘ಬಂಡೆಯ ಜಾತಿ ಮತ್ತು ಬೆರೈಟ್ ನೋಡಿ’ ಅನ್ನುವ ಹಾಗೆ. ಜಿಲ್ಲೆಯವರೆಗೆ ಮಾತ್ರ ಗೊತ್ತಿದ್ದರೆ ಜಿಲ್ಲೆಗೇ ನಿಲ್ಲಿಸಿ. ನನ್ನ ಮಟ್ಟಿಗೆ ಸುಮ್ನೆ ಊಹಿಸಿ ಬರೆದ ಗಣಿಯ ಹೆಸರಿಗಿಂತ ಖಚಿತವಾದ ಜಿಲ್ಲೆಯ ಹೆಸರು ಮೇಲು. ಊಹೆ ಮುಂದಿನ ನಕಲಿನಲ್ಲಿ ‘ಬಹುಶಃ’ ಕಳಚಿಕೊಂಡು ಸತ್ಯದಂತೆ ಓಡಾಡುತ್ತದೆ. ಕೊನೆಯಲ್ಲಿ ನಿಮ್ಮ ಹೆಸರು, ಬರೆದ ತಾರೀಖು. ಪೆನ್ಸಿಲ್ ಇಲ್ಲವೇ ಮಾಸದ ಶಾಯಿ ಬಳಸಿ. ಬಾಲ್‌ಪೆನ್ ಬೇಡ.